ಅರವತ್ತೊಂದನೆಯ ಪುಟ

ಲಮಾರಾ ಬಂದಾಗ ಅಂಗಡಿ ಮುಚ್ಚುವ ಹೊತ್ತು.
ಕುತಾಯಿಸಿಯ ಮಾರುಕಟ್ಟೆ ಹಿಂದಿನ ಓಣಿಯಲ್ಲಿ ನನ್ನದು:
ಒಡೆದ ಗಾಜು, ಊದಿದ ಬ್ಯಾಟರಿ, ರಿಯೋನಿ ಹೊಳೆಗೆ ಬಿದ್ದೆದ್ದ ಫೋನು.
ಕಥೆ ರಿಪೇರಿ ಮಾಡುವುದಿಲ್ಲಮ್ಮ, ಎಂದೆ.
ಕಥೆ ನೆಟ್ಟಗೇ ಇದೆ, ಫೈಲು ಕೆಟ್ಟಿದೆ, ಎಂದಳು.

ಎರಡು ಚಳಿಗಾಲ, ಬರೀ ಹೆಬ್ಬೆರಳಲ್ಲಿ ಬರೆದದ್ದು,
ಚಿಯಾತುರಾದ ವ್ಯಾನಿನಲ್ಲಿ ಹೋಗುತ್ತ, ಬರುತ್ತ.
ತೊಂಬತ್ತನಾಲ್ಕು ಪುಟ.
ತ್ಬಿಲಿಸಿಗೆ ಕಳಿಸಿದರೆ ಮೊದಲ ಸಲ
ಬರೀ ಚೌಕಗಳು, ಸಾಲು ಸಾಲು ಖಾಲಿ ಕಿಟಕಿ,
ಗಣಿ ಮುಚ್ಚಿದ ಮೇಲಿನ ವಠಾರದ ಹಾಗೆ.

ಅದು ಸುಲಭದ್ದು. ಪಿಡಿಎಫ್ ಮಾಡುವ ಫಾಂಟಿಗೆ
ನಮ್ಮ ಅಕ್ಷರಗಳ ಪರಿಚಯವಿರಲಿಲ್ಲ.
ಬೇರೆಯದನ್ನು ತುಂಬಿದೆ.
ಕಿಟಕಿಗಳಲ್ಲಿ ದೀಪ ಹತ್ತಿತು.

ಎರಡನೆಯ ಕಾಯಿಲೆ ಒಳಗಿನದು.
ಅವರ ಆ್ಯಪಿನಲ್ಲಿ ತೆರೆದರೆ ಮಾತುಗಳಿವೆ, ಆಡುವವರಿಲ್ಲ.
ಹಾಳೆಯ ನಡುವೆ ನಿಲ್ಲಬೇಕಾದ ಹೆಸರುಗಳು
ಎಡದಂಚಿಗೆ ಸರಿದು ಗೋಡೆಗೆ ಒರಗಿವೆ,
ಸಂಬಳದ ದಿನ ಹೆಸರು ಕೂಗದೆ ಬಿಟ್ಟವರಂತೆ.

ಎಕ್ಸ್‌ಟೆನ್ಷನ್ ಬದಲಿಸಿದೆ. ಎನ್‌ಕೋಡಿಂಗ್ ಕೆದಕಿದೆ.
ಆ್ಯಪನ್ನು ಅಳಿಸಿ ಮತ್ತೆ ಹಾಕಿದೆ
(ನಮ್ಮ ಕಸುಬಿನವರ ಹರಕೆ ಅದು, ಫಲಿಸುವುದು ಅಪರೂಪ).
ಹನ್ನೊಂದು ಗಂಟೆಗೆ ಹೊಳೆಯಿತು:
ಈ ಆ್ಯಪಿಗೆ ಅಕ್ಷರ ಕಲಿಸಿದವರ ಊರಲ್ಲಿ
ಮಾತಾಡುವವನ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯುತ್ತಾರೆ.
ದೊಡ್ಡಕ್ಷರ ಕಂಡರೆ ಅದಕ್ಕೆ ಗೊತ್ತು,
ಯಾರೋ ಬಾಯಿ ತೆರೆಯುತ್ತಿದ್ದಾರೆ.

ನಮ್ಮಲ್ಲೆಲ್ಲಿಯ ದೊಡ್ಡದು, ಚಿಕ್ಕದು?
ಶೀರ್ಷಿಕೆಗೆಂದು ಎತ್ತರದ ರೂಪ ಉಂಟಂತೆ,
ಅವಳ ಕೀಲಿಮಣೆ ಅದನ್ನು ಕಂಡಿಲ್ಲ.
ದ್ರಾಕ್ಷಿಯ ಕುಡಿಯಂತೆ ಎಲ್ಲವೂ ಒಂದೇ ಸುರುಳಿ,
ದೇವರಿಗೂ ದನಕ್ಕೂ ಒಂದೇ ಅಳತೆ.

ಮದ್ದು ಇತ್ತು. ಹೆಸರಿನ ಮುಂದೆ ಒಂದು @,
ಬಾಲ ಸುತ್ತಿ ಮಲಗಿದ ಬೆಕ್ಕು.
ಬೆಕ್ಕಿದ್ದಲ್ಲಿ ಮನುಷ್ಯರಿದ್ದಾರೆಂದು ಆ್ಯಪು ನಂಬುತ್ತದೆ.
ಒಟ್ಟಿಗೆ ಹುಡುಕಿ ಬದಲಿಸುವ ಹಾಗಿಲ್ಲ,
‘ಎಲ್ಗುಜಾ ಟೊಪ್ಪಿ ತೆಗೆದ’ ಎಂಬಲ್ಲಿ ಬೆಕ್ಕು ಕೂತರೆ
ಟೊಪ್ಪಿಯೂ ಪಾತ್ರವಾಗುತ್ತದೆ.
ಒಂದೊಂದಾಗಿಯೇ ಕೂರಿಸಬೇಕು. ಅವಳು ಓದಿದಳು, ನಾನು ಕೂರಿಸಿದೆ.

ಹಗ್ಗದ ದಾರಿಯ ಕಥೆ.
ಮೇಲೆ ಗಣಿ, ಎಲ್ಗುಜಾ.
ಕೆಳಗಿನ ನಿಲ್ದಾಣದಲ್ಲಿ ಗುಂಡಿ ಒತ್ತುವ ಹೆಂಗಸು,
ನಡುವೆ ಗಾಳಿ, ತುಕ್ಕು ಹಿಡಿದ ತೊಟ್ಟಿಲು, ಒಂದು ಟೆಲಿಫೋನು.

ಸಂಕಟವೆಂದರೆ, ಕೆಟ್ಟ ಫೈಲು ನನಗೆ ಹಿಡಿಸತೊಡಗಿತ್ತು.
ಅದರಲ್ಲಿ ನುಡಿಯೆಲ್ಲ ನಡೆ.
‘ಒಲೆ ಹಚ್ಚುತ್ತೇನೆ’ ಎಂದವಳ ಒಲೆ
ಯಾರೂ ಏಳುವ ಮೊದಲೇ ಹೊತ್ತಿಕೊಂಡಿದೆ.
‘ನಿನ್ನ ಸಾಲ ತೀರಿಸುತ್ತೇನೆ’, ತೀರಿತು, ಮುಂದಿನ ದೃಶ್ಯ.

ಅರವತ್ತೊಂದನೆಯ ಪುಟ. ಮೇಲಿನಿಂದ ಫೋನು.
‘ಕೊನೆಯ ತೊಟ್ಟಿಲಲ್ಲಿ ಇಳಿದು ಬರುತ್ತೇನೆ,
ಲೋಬಿಯೊ ಗಡಿಗೆ ಕೆಂಡದ ಮೇಲಿರಲಿ.’
ಬೆಕ್ಕು ಕೂರಿಸಲು ಹೋದೆ.
ಅವಳು ನನ್ನ ಬೆರಳು ಹಿಡಿದಳು.
ಇದೊಂದನ್ನು ಬಿಡು.

ತಪ್ಪೆಂದು ತಿಳಿಯುತ್ತಾರೆ, ಎಂದೆ.
ತಿಳಿಯಲಿ, ಎಂದಳು.
ಚಿಯಾತುರಾದವರನ್ನು ಕೆಲವು ಕೇಳಬಾರದು. ಕೇಳಲಿಲ್ಲ.
ದುಡ್ಡಿನ ಬದಲು ಹುಳಿಪ್ಲಮ್ಮಿನ ಚಟ್ನಿ, ಒಂದು ಸೀಸೆ.
ಮುಚ್ಚಳ ಇನ್ನೂ ಬಿಗಿಯಾಗಿದೆ.

ಹತ್ತು ದಿನದ ಮೇಲೆ ತ್ಬಿಲಿಸಿಯಿಂದ ಗಂಡಸಿನ ದನಿ.
ಫೈಲಿನ ತೊಂದರೆಗೆಂದು ನನ್ನ ನಂಬರು ಕೊಟ್ಟಿದ್ದಳಂತೆ.
ಉಳಿದದ್ದೆಲ್ಲ ಸರಿಯಾಗಿ ತೆರೆಯಿತು, ಎಂದ,
ಅರವತ್ತೊಂದರಲ್ಲಿ ಒಂದು ಸಾಲು ಎಡಕ್ಕೆ ಬಿದ್ದಿದೆ.
ಯಾರ ಮಾತು ಅದು?

ಮಾತಲ್ಲ ಬಾತೋನೋ, ಎಂದೆ. ಅವನು ಇಳಿದು ಬರುತ್ತಿದ್ದಾನೆ.

ಆ ಕಡೆ ಹಾಳೆ ಮಗುಚಿದ ಸದ್ದು.
ಹಾಗಾದರೆ ಕ್ಯಾಮೆರಾ ಎಲ್ಲಿಡುವುದು?

ಫೋನಿನ ಅಂಗಡಿಯವನನ್ನು ಕೇಳುವ ಪ್ರಶ್ನೆಯೇ ಅದು?
ಕೆಳಗಿನ ನಿಲ್ದಾಣದಲ್ಲಿಡಿ, ಎಂದೆ,
ಬಾಗಿಲಿಗೆ ಎದುರಾಗಿ.