ಅಳಿಸುವುದು ಚದರಡಿ ಲೆಕ್ಕ

ಬರೆಯುವಾಗ ಅಕ್ಷರಕ್ಕೆ ಇಷ್ಟೆಂದು ಕೊಟ್ಟಿದ್ದೆ ದಸ್ತಗೀರ್‌ಗೆ,
ಒತ್ತಕ್ಷರಕ್ಕೆ ಬೇರೆ.
ಇವತ್ತು ಏಣಿ ಮೇಲಿಂದ ಹೇಳುತ್ತಾನೆ:
ಅಳಿಸೋದು ಚದರಡಿ ಲೆಕ್ಕ ಮೇಡಂ.

ಸವಳಂಗ ರಸ್ತೆ. ಹಳದಿ ಬೋರ್ಡು.
‘ಸಬ್ಸಿಡಿ ದೊರೆಯುತ್ತದೆ’
ನನ್ನ ಹೆಸರಿಗಿಂತ ದಪ್ಪ,
ಪಕ್ಕದ ಸೂರ್ಯನ ಚಿತ್ರಕ್ಕಿಂತ ಕೆಂಪು.
ಹನ್ನೊಂದು ವರ್ಷ ಗಿರಾಕಿ ಮೆಟ್ಟಿಲು ಹತ್ತಿದ್ದು
ಸೂರ್ಯನನ್ನು ನೋಡಿ ಅಲ್ಲ.

ಮೊನ್ನೆ ಸುತ್ತೋಲೆ ಬಂತು.
ಕೂಸು ನಡೆಯಲು ಕಲಿತಿದೆ, ಇನ್ನು ಕೈ ಬಿಡಬಹುದು
ಎಂಬರ್ಥದ್ದು.
ಸುಳ್ಳೇನಲ್ಲ. ಮೊದಲ ವರ್ಷ ಒಂದು ಪ್ಯಾನಲ್ಲಿಗೆ ಕೊಟ್ಟ ದುಡ್ಡಿಗೆ
ಈಗ ಮೂರು ಬರುತ್ತವೆ, ತಂತಿಯೂ ಸೇರಿ.
ಹಾಲು ಬಿಡಿಸಲು ನಮ್ಮಜ್ಜಿ ಬೇವು ಅರೆದು ಹಚ್ಚಿಕೊಳ್ಳುತ್ತಿದ್ದಳಂತೆ.
ಬಿಡಿಸಲೇಬೇಕು, ಒಪ್ಪಿದೆ.
ಆದರೆ ಹಲ್ಲು ಬಂದು, ಉದುರಿ, ಮತ್ತೆ ಕಟ್ಟಿಸಿಕೊಂಡ
ಕಲ್ಲಿದ್ದಲಜ್ಜ ಇನ್ನೂ ತೊಡೆಯ ಮೇಲೇ ಇದ್ದಾನಲ್ಲ,
ಅವನಿಗೆ ಯಾರ ಮನೆಯ ಬೇವು?

ಹೀಗೆ ಕೇಳಿ ಸುಮ್ಮನಾಗಬಹುದಿತ್ತು.
ದಸ್ತಗೀರ್ ‘ಸ’ ಮುಗಿಸಿ ‘ಬ್ಸಿ’ಗೆ ಬಂದಾಗ ನೆನಪಾಯಿತು,
ಆ ಪದ ಇದ್ದಷ್ಟು ದಿನ
ನನ್ನ ರೇಟಿಗೂ ಒಂದು ಸಣ್ಣ ಹೊಟ್ಟೆ ಇತ್ತು.
ನೂರಕ್ಕೆ ಮೂವತ್ತು ಅವರು ಬಿಟ್ಟರು,
ಹತ್ತು ನಾನು ಏರಿಸಿಕೊಂಡೆ.
ವಿನೋಬನಗರದ ತಾರಸಿಗಳಿಗೆ ಗೊತ್ತೇ ಆಗಲಿಲ್ಲ.

ಮಧ್ಯಾಹ್ನ ಬಂದಳು, ರವಿಕೆ ಹೊಲಿಯುವ ಹಾಲಮ್ಮ.
ಹಿಂದೆ ಮೂರು ಸಲ ಬಂದವಳೇ.
ಒಮ್ಮೆ ಕಂದಾಯದ ರಸೀದಿ ತೀರಿಕೊಂಡ ಮಾವನ ಹೆಸರಲ್ಲಿತ್ತು,
ಒಮ್ಮೆ ಸೂಜಿಗೆ ಸವೆದ ಅವಳ ಬೆರಳನ್ನು
ಮೆಷಿನ್ನು ಅವಳದೆಂದು ಒಪ್ಪಲಿಲ್ಲ.
ಇನ್ನೊಮ್ಮೆ, ತಗಡಿನ ಮಾಡಿಗೆ ಸ್ಕೀಮು ಬರಲ್ಲ ಅಂದಿದ್ದು
ನಾನೇ.

ನಿಂತುಹೋಯ್ತಮ್ಮ, ಅಂದೆ.
ಅವಳು ಏಣಿ ನೋಡಿದಳು, ಅರ್ಧ ಉಳಿದ ಪದ ನೋಡಿದಳು.
“ನಂಗೆ ಯಾವತ್ತು ಶುರುವಾಗಿತ್ತು, ನಿಲ್ಲಾಕೆ?”
ಸೆರಗಿನ ಗಂಟಲ್ಲಿ ಚೀಟಿ ಎತ್ತಿದ ದುಡ್ಡು.
“ಹೊಲಿಗೆ ಮಿಷಿನ್ನಿನ ಮೋಟ್ರಿಗೆ ಒಂದು ಪ್ಯಾನಲ್ಲು.
ಸರಿಯಾದ ರೇಟು ಹೇಳಿ.”

ಹನ್ನೊಂದು ವರ್ಷದಲ್ಲಿ ಮೊದಲ ಸಲ
ಕ್ಯಾಲ್ಕುಲೇಟರನ್ನು ಗಿರಾಕಿಯ ಕಡೆ ತಿರುಗಿಸಿ ಒತ್ತಿದೆ.
ಬಂದ ಮೊತ್ತ ನೋಡಿ ಇಬ್ಬರಿಗೂ ನಾಚಿಕೆ,
ಬೇರೆ ಬೇರೆ ಕಾರಣಕ್ಕೆ.
ಆರು ಸಾವಿರ ಕಡಿಮೆ ಬಿತ್ತು.
ಗೌರಿಹಬ್ಬದ ಹೊಲಿಗೆ ಮುಗಿಸಿ ಕೊಡ್ತೀನಿ ಅಂದಳು, ಬರೆದುಕೊಂಡೆ.
ಆಷಾಢ ಶ್ರಾವಣ ಎರಡು ತಿಂಗಳು
ಇಲ್ಲಿ ಬಿಸಿಲು ನಂಬೋ ಹಾಗಿಲ್ಲ ಹಾಲಮ್ಮ, ಅದನ್ನೂ ಹೇಳಿದೆ.
“ಆವಾಗ ಕಾಲಲ್ಲೇ ತುಳೀತೀನಿ ಬಿಡಿ,
ಕಾಲಿಗೇನು ಅರ್ಜಿ ಹಾಕಬೇಕಾ.”

ಸಂಜೆ ದಸ್ತಗೀರ್ ಕೇಳಿದ:
ಖಾಲಿ ಜಾಗದಲ್ಲಿ ಏನು ಬರೀಲಿ?
ಹೊಳೆಯಲಿಲ್ಲ. ಆರೂವರೆ ಚದರಡಿಯ ದುಡ್ಡು ಕೊಟ್ಟು ಕಳಿಸಿದೆ.

ಒಂದೇ ಕೋಟು ಹೊಡೆದಿದ್ದಾನೆ, ಅವಸರ.
ಓರೆ ಬಿಸಿಲು ಬಿದ್ದಾಗ ಹಳದಿಯೊಳಗಿಂದ
‘ದೊರೆಯುತ್ತದೆ’ ಎಂಬುದು ಉಬ್ಬಿಕೊಂಡು ಕಾಣುತ್ತದೆ.
ಏನು ಎಂಬುದು
ಕಾಣುವುದಿಲ್ಲ.