ಒರೆಸುವ ಬಟ್ಟೆಯ ಕಣಿ

ಫರಾಫೆನ್ನಿಯ ಸಂತೆಬೀದಿಯಲ್ಲಿ ನನ್ನದೊಂದು ಸೈಕಲ್ ಅಂಗಡಿ.
ಅಂಗಡಿಯೆಂದರೆ ಬೇವಿನ ನೆರಳು, ಒಂದು ಪಂಪು,
ನೀರು ತುಂಬಿದ ಬೋಗುಣಿ,
ಮತ್ತೆ ಕೆಲಸವಿಲ್ಲದ ನಾಲ್ಕು ಬಾಯಿ.
ಚುನಾವಣೆಗೆ ಇನ್ನು ಹನ್ನೊಂದು ದಿನ.
ಅಧ್ಯಕ್ಷರು ಮತ್ತೆ ಬರುತ್ತಾರೋ ಇಲ್ಲವೋ,
ಟ್ಯೂಬಿನ ತೂತು ಹುಡುಕುವಾಗಲೂ ಅದೇ ಮಾತು.

ಬರುತ್ತಾರೆ, ಅನ್ನುತ್ತಾನೆ ಸಾಂಕುಂಗ್ ಮೇಷ್ಟ್ರು.
ಕೂತವನಿಗೆ ಕುರ್ಚಿಯೇ ಅರ್ಧ ಮತ ಹಾಕುತ್ತದಂತೆ.
ಕಡ್ಡಿ ಹಿಡಿದು ಮಣ್ಣಿನಲ್ಲಿ ಗೀಚುತ್ತಾನೆ:
ಹೊಸ ಡಾಂಬರು ಇಷ್ಟು ಮೈಲಿ,
ಅಕ್ಕಿ ಮೂಟೆಗೆ ಏರಿದ್ದು ಇಷ್ಟು ದಲಾಸಿ,
ಎದುರಾಳಿಗಳು ಏಳು ಜನ, ಏಳಕ್ಕೂ ಏಳು ದಿಕ್ಕು.
ಕೂಡಿ ಕಳೆದು ಗುಣಿಸುವಷ್ಟರಲ್ಲಿ
ಮೇಕೆಯೊಂದು ಬಂದು ಉತ್ತರದ ಮೇಲೆ ನಿಂತಿತು.

ಬರುವುದಿಲ್ಲ, ಅಂದಳು ಮೂಸುಕೆಬ್ಬಾ ಅಜ್ಜಿ.
ಕವಡೆ ಚೆಲ್ಲಿದರೆ ಆರು ಮಗುಚಿ, ಒಂದು ಬಾಯ್ಬಿಟ್ಟು ಬಿತ್ತು.
ಹೋದ ಸಲವೂ ಹೀಗೇ ಬಿದ್ದಿತ್ತಲ್ಲ ಅಂದರೆ
ಆಗ ಕವಡೆಗೆ ನೆಗಡಿಯಾಗಿತ್ತು ಅಂದು
ಐದು ದಲಾಸಿ ಕೇಳಿದಳು.

ಯಾಂಕುಬಾ ಪಕ್ಷದ ಹುಡುಗ, ಅತ್ತಾಯ ಚಹಾ ಕಾಸುವವನು.
ಮೊದಲ ಲೋಟ ಕಹಿ, ಎರಡನೆಯದು ಒಗರು, ಮೂರನೆಯದು ಸಿಹಿ,
ಅಲ್ಲಿಯ ತನಕ ನಾಡು ತಾಳಬೇಕು ಅನ್ನುತ್ತಾನೆ.
ಮೂರನೆಯದಕ್ಕೆ ಬರುವಾಗ ಸಕ್ಕರೆ ಮುಗಿದಿತ್ತು.

ನನ್ನನ್ನು ಕೇಳಿದರೆ
ಚಿಂದಿಯ ಡಬ್ಬ ನೋಡಿ ಅಂದೇನು.
ಐದು ವರ್ಷದ ಕೆಳಗೆ ಲಾರಿಯಲ್ಲಿ ಬಂದು ಹಂಚಿದ ಅಂಗಿಗಳು,
ಎದೆಯ ಮೇಲೆ ಅಗಲಕ್ಕೆ ಅವರ ಮುಖ.
ಜನ ಹಬ್ಬಕ್ಕೆ ತೊಟ್ಟರು, ಹೆಣ ಹೊರುವಾಗಲೂ ತೊಟ್ಟರು.
ಎರಡನೇ ವರ್ಷ ಶೇಂಗಾ ಹೊಲಕ್ಕೆ ಇಳಿದವು,
ಮೂರನೇ ವರ್ಷ ಬೆರ್ಚಪ್ಪನ ಮೈಗೆ,
ನಾಲ್ಕನೆಯದಕ್ಕೆ ನನ್ನ ಡಬ್ಬಕ್ಕೆ.
ಈ ಸಲದ್ದು ಹಂಚಿ ಮೂರು ವಾರ ಆಗಿಲ್ಲ,
ಮೊನ್ನೆಯೇ ಒಂದು ಡಬ್ಬದಲ್ಲಿ ಬಿದ್ದಿತ್ತು.
ಮಡಿಕೆಯ ಗೆರೆ ಕೂಡ ಅಳಿಸಿರಲಿಲ್ಲ.
ಚೈನಿನ ಮಸಿ ಒರೆಸಿದೆ.
ನಗುತ್ತಲೇ ಇದ್ದರು, ಹಲ್ಲೊಂದು ಕಪ್ಪಾಯಿತು.
ಇವರ ಕಥೆ ಮುಗಿಯಿತು, ಅಂದುಕೊಂಡೆ.

ಯಾರಿಗೂ ಹೇಳಲಿಲ್ಲ.
ರಾತ್ರಿ ನ್ಯೀಮಾಗೆ ಹೇಳಿದೆ, ಅಷ್ಟೇ.
ಅವಳು ಅತ್ತ ಮಗ್ಗುಲಾಗಿ,
ಬಟ್ಟೆ ಕೆಟ್ಟದ್ದು ಮಾರಾಯ, ಒಂದೇ ಒಗೆತಕ್ಕೆ ಹಿಂಜುತ್ತದೆ,
ಅದನ್ನು ಸಿಟ್ಟು ಅಂದುಕೊಂಡೆಯಾ?
ಡಬ್ಬಕ್ಕೆ ಹಾಕಿದವಳು ನಾನು.
ಗೋಲಿ ಹಾಕುವುದೂ ಅವರಿಗೇ, ಅಂದಳು.

ಶನಿವಾರ ಬೆಳಿಗ್ಗೆ ಪೊಲೀಸ ಬಂದು
ಇವತ್ತು ಶಾಲೆಯ ಸುತ್ತ ಸೈಕಲ್ ಬೇಡ, ಗಂಟೆ ಬಾರಿಸಕೂಡದು ಅಂದ.
ನಮ್ಮಲ್ಲಿ ಮತವೆಂದರೆ ಗಾಜಿನ ಗೋಲಿ.
ಡ್ರಮ್ಮಿನ ಕೊಳವೆಗೆ ಬಿಟ್ಟರೆ ಒಳಗೆ
ಸೈಕಲ್ಲಿನದೇ ಅನ್ನುವಂಥ ಗಂಟೆ: ಟಣ್.
ಹೊರಗಿನವರಿಗೆ ಒಂದು ಕೇಳಬೇಕು, ಎರಡು ಕೇಳಬಾರದು,
ಯಾವ ಡ್ರಮ್ಮು ಅನ್ನುವುದು ದೇವರಿಗೆ.

ಸಾಲಿನಲ್ಲಿ ನಿಂತು ಕಿವಿಗೊಟ್ಟೆ.
ಮೂವತ್ತು ವರ್ಷ ಗಂಟೆ ರಿಪೇರಿ ಮಾಡಿದ ಕಿವಿ,
ತುಕ್ಕು ಹಿಡಿದದ್ದು, ಸ್ಪ್ರಿಂಗು ಸಡಿಲಾದದ್ದು,
ಮಗು ಕದ್ದು ಒತ್ತಿದ್ದು, ಎಲ್ಲ ಗೊತ್ತು ಇದಕ್ಕೆ.
ನ್ಯೀಮಾ ಹೋದಳು. ಟಣ್.
ಅಜ್ಜಿ ಹೋದಳು. ಟಣ್.
ಮೇಷ್ಟ್ರು ಹೋದ. ಬಹಳ ಹೊತ್ತು ಏನಿಲ್ಲ.
ಎಲ್ಲ ಲೆಕ್ಕ ಮರೆತವನ ಹಾಗೆ, ಕೊನೆಗೆ, ಟಣ್.
ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆ ವ್ಯತ್ಯಾಸವಿಲ್ಲ.

ನನ್ನ ಸರದಿ.
ಎಂಟು ಡ್ರಮ್ಮು, ಎಂಟು ಬಣ್ಣ, ಕೋಣೆಯಲ್ಲಿ ನಾನೊಬ್ಬನೇ.
ಗೋಲಿ ಅಂಗೈಯಲ್ಲಿ ಬೆಚ್ಚಗಾಗಿತ್ತು, ಗ್ರೀಸು ಮೆತ್ತಿತ್ತು.
ಬಗ್ಗಿ ನೋಡಿದೆ. ಈ ಚಿತ್ರದಲ್ಲಿ ಹಲ್ಲು ಬೆಳ್ಳಗಿತ್ತು.
ಇಡೀ ಊರು ಎತ್ತ ವಾಲುತ್ತದೆಂದು ಬಲ್ಲವನಿಗೆ
ಈ ಒಂದು ಕೈ ಎತ್ತ ಹೋಗುತ್ತದೆಂದು

ಟಣ್.

ಹೊರಗೆ ಯಾಂಕುಬಾ ಕಾದಿದ್ದ, ಕಣ್ಣು ಕಿರಿದು ಮಾಡಿ:
ಮೇಸ್ತ್ರಿ, ಈಗಾದರೂ ಹೇಳು, ಬರುತ್ತಾರಾ?
ನಿನ್ನ ಮುಂದಿನ ಚಕ್ರಕ್ಕೆ ಗಾಳಿ ಕಮ್ಮಿಯಿದೆ,
ಸಂಜೆ ತಗೊಂಡು ಬಾ, ಅಂದೆ.