ಮ್ಯಾಲಿನ ಖಾನೆ

ಆಟದ ಹೆಸರು ನಮಗ ಯಾರಿಗೂ ಗೊತ್ತಿರಲಿಲ್ಲ.
ಕ್ಯಾಸೆಟ್ಟಿನ ಮ್ಯಾಲೆ ಜಪಾನಿ ಅಕ್ಷರ,
ಒಂದು ಕತ್ತಿ, ಅರ್ಧ ಹರದ ರಾಜನ ಮುಖ.
ಬೆಟಗೇರಿ ಬಸ್‌ಸ್ಟ್ಯಾಂಡಿನ ಹಿಂದ ವಿಠ್ಠಲಸಾನ ಅಂಗಡಿ,
ತಾಸಿಗೆ ಐದು ರೂಪಾಯಿ.
ಉಳಿದ ಹುಡುಗರಿಗೆ ಬಡಿಯೂ ಆಟ, ಓಡೂ ಆಟ.
ಇದು ಕೂತು ಯೋಚನಿ ಮಾಡೂದು,
ಯಾರೂ ಮುಟ್ಟತಿದ್ದಿಲ್ಲ,
ಅದಕ್ಕ ನಮಗ ಸಿಕ್ತು,
ನನಗ, ಮೌಲಾಲಿಗೆ.

ಓದಲಿಕ್ಕೆ ಬರದ್ದಕ್ಕ ಎಣಿಸಿ ಕಲತಿವಿ.
ಮೊದಲನೇ ಸಾಲು ನಡಿ.
ಎರಡನೇದು ಹೊಡಿ.
ನಾಲ್ಕನೇದು ನಿಂತಲ್ಲೇ ಕಾಯಿ.
ಮೂರನೇದು ಏನಂತ ಇವತ್ತಿಗೂ ಗೊತ್ತಿಲ್ಲ,
ಒತ್ತಿದ್ರ ಪರದೆ ಒಮ್ಮೆ ಮಿಂಚಿ
ಎಲ್ಲಾರೂ ಸುಮ್ಮನ ನಿಲ್ಲತಿದ್ರು.
‘ಪ್ರಾರ್ಥನಾ ಇರಬೇಕು’ ಅಂದಿದ್ದ ಮೌಲಾಲಿ.

ಕತೀನೂ ನಾವ ಕಟ್ಟಿದ್ವಿ.
ಕಲ್ಲಿನ ಕೆಳಗ ಮಲಗಿದ ರಾಜ,
ಎಬ್ಬಸಲಿಕ್ಕೆ ಹೊಂಟ ಏಳು ಮಂದಿ,
ದಾರ್ಯಾಗ ಹದಿನೆಂಟು ಕಾಳಗ.
ಹಸಿರು ಗುಡ್ಡ ಕಪ್ಪತಗುಡ್ಡ,
ನೀಲಿ ಪಟ್ಟಿ ತುಂಗಭದ್ರಾ.
ಬಿಲ್ಲಿನವ ಅವಂದು, ಮದಾರಿ.
ಬಿಳಿ ಕುದುರಿಯಾಕಿ ನಂದು, ತುಂಗವ್ವ.
ಮುಖ ಮುಚ್ಚೂ ಕಬ್ಬಿಣದ ಟೊಪಗಿ,
ಹೆಣ್ಣೋ ಗಂಡೋ ತಿಳೀತಿದ್ದಿಲ್ಲ.
ನಾ ಹೆಣ್ಣಂದೆ. ಹೆಣ್ಣಾತು.

ಸತ್ತವರು ಆ ಆಟದಾಗ ತಿರುಗಿ ಬರಂಗಿಲ್ಲ.
ಸಣ್ಣದೊಂದು ಬಾಜಾ, ಆಮ್ಯಾಲೆ ಮುಖದ ಜಾಗ ಖಾಲಿ,
ಆಟ ತಾನ ಬರಕೊಂಡು ಬಿಡತಿತ್ತು.
ವೈರಿ ಕಡೆಯವ ಸತ್ತರೂ ಮೌಲಾಲಿ
ವಿಠ್ಠಲಸಾನ ವಹಿಯ ಹಿಂದಿನ ಹಾಳಿಗೆ
ವೀರಗಲ್ಲು ಬರೀತಿದ್ದ,
ನಮ್ಮೂರಾಗ ನಿಂತಾವಲ್ಲ, ಅಂಥಾದ್ದ:
ಕೆಳಗಿನ ಖಾನ್ಯಾಗ ಕಾಳಗ,
ನಡುವಿನದರಾಗ ಕೈ ಹಿಡಿದು ಒಯ್ಯೂ ಅಪ್ಸರೇರು,
ಮ್ಯಾಲಿನದರಾಗ ಲಿಂಗ, ಸೂರ್ಯ, ಚಂದ್ರ.
ಅವನ ಚಂದ್ರ ಯಾವಾಗಲೂ ಸೂರ್ಯಾಗಿಂತ ದೊಡ್ಡದು.

ಹನ್ನೊಂದನೇ ಕಾಳಗ, ಹೊಳಿ ದಾಟೂದು.
ಅವನ ಪಾಳಿ. ಮದಾರಿನ್ನ ಹಿಂದ ಸರಿಸಿದ,
ತುಂಗವ್ವ ಒಬ್ಬಾಕೀನ ನೀರಾಗ ಉಳದ್ಲು.
ಮೂರು ಭರ್ಚಿ.
ಅಂವ ಪೆನ್ಸಿಲ್ ತಗದ.
‘ಬರದಿ ಅಂದ್ರ ನೋಡು’ ಅಂದೆ,
ಚಪ್ಪಲಿ ಮೆಟ್ಟಿ ಬಂದೆ.
ಮತ್ತ ಹೋಗಲಿಲ್ಲ. ಎಂಟನೆತ್ತೆ ಶುರುವಾಗಿತ್ತು,
‘ಹುಡಿಗಿಗೆ ಬುದ್ಧಿ ಬಂತು’ ಅಂದ್ರು ಮನ್ಯಾಗ.

ಈಗ ಟಾಂಗಾಕೂಟದಾಗ ನಂದೊಂದು ಅಂಗಡಿ:
ಮಿಕ್ಸರ್, ಇಸ್ತ್ರಿ, ಚಾರ್ಜರ್.
ಹ್ವಾದ ವಾರ ವಿಠ್ಠಲಸಾನ ಸೊಸಿ ಒಂದು ಚೀಲ ತಂದಿಟ್ಲು,
‘ತಾಮ್ರ ಗೀಮ್ರ ಇದ್ರ ತಕ್ಕೋರಿ ಅಕ್ಕಾರ.’
ತಳದಾಗ ಅರ್ಧ ಮುಖದ ರಾಜ.
ಬಿಚ್ಚಿದೆ. ರೂಪಾಯಿ ಬಿಲ್ಲಿಯಷ್ಟು ಸೆಲ್ಲು,
ಎರಡು ವೋಲ್ಟಿನ ಮ್ಯಾಲೆ ಇನ್ನೂ ಚೂರು ಉಸಿರು.
ಕಿತ್ತರ ಎಲ್ಲಾ ಮರೀತೈತಿ.
ಮೊದಲು ಮಗ್ಗಲಕ ಹೊಸಾ ಸೆಲ್ಲಿನ ವೈರು ಹಿಡಿದು,
ಆಮ್ಯಾಲೆ ಹಳೇದರ ಬೆಸಿಗಿ ಬಿಡಿಸಿದೆ.
ಇಪ್ಪತ್ತು ವರ್ಷದಾಗ ನನ್ನ ಕೈ ನಡುಗಿದ್ದು
ಅವತ್ತ.

ಪರದೆ ಮ್ಯಾಲೆ ಮೂರು ಖಾನೆ, ಒಂದರ ಮ್ಯಾಲೊಂದು.
ಕೆಳಗಿಂದು ನಮ್ಮದು: ಹನ್ನೊಂದು, ಆರು ಮುಖ.
ನಡುವಿಂದು ಯಾರೋ ಬ್ಯಾಸತ್ತು ಬಿಟ್ಟದ್ದು.
ಮ್ಯಾಲಿಂದು ಖಾಲಿ ಇರಬೇಕು,
ರಾಜ ಎದ್ದ ದಿವಸಕ್ಕಂತ ಇಟ್ಟಿದ್ವಿ.
ಅದರಾಗೂ ಹನ್ನೊಂದು.
ಏಳು ಮುಖ.

ಅದ ಹೊಳಿ.
ಬಿಳಿ ಕುದುರಿ ಆಚಿ ದಂಡಿಮ್ಯಾಲೆ, ನೆಟ್ಟಗ.
ನೀರಾಗ ಮದಾರಿ,
ಜೀವದ ಪಟ್ಟಿ ಎಳೀಯಷ್ಟು.

ಲೆಕ್ಕ ಹಾಕಿದೆ, ಅಂಗಡಿಯಾಕಿ ನಾ.
ಮೊದಲಿಂದ ಹತ್ತು ಕಾಳಗ, ಇಪ್ಪತ್ತು ತಾಸು, ನೂರು ರೂಪಾಯಿ.
ಕಂಡಿಕೆ ಸುತ್ತಿ ಅಂವಗ ಸಿಗತಿದ್ದದ್ದು
ವಾರಕ್ಕ ಹದಿನೈದು.

ಮೌಲಾಲಿ ಎಲ್ಲಿದ್ದಾನೋ.
ಒಬ್ಬರು ಇಳಕಲ್ಲ ಅಂತಾರ, ಒಬ್ಬರು ಇಚಲಕರಂಜಿ.

ಪಾಳಿ ನಂದು.
ನಾಲ್ಕು ಸಾಲು ಬಿಚ್ಚಿಕೊಂಡು ನಿಂತಾವು.
ಬಾಗಲಾಗ ಯಾರೋ ‘ಮಿಕ್ಸರ್ ಆತೇನ್ರಿ?’ ಅಂದ್ರು.
‘ಒಂದು ನಿಮಿಷ ತಡೀರಿ’ ಅಂದೆ,
ಮೂರನೇದು ಒತ್ತಿದೆ.